ಹೊಟ್ಟೆಪಟ್ಟಿ ಬಿಚ್ಚಿದ ಮೇಲೆ

ಸೊಂಟ ಹಿಡಿದವರು ಮೊದಲು ಕಲಿಯುವುದು ಕುರ್ಚಿಗಳನ್ನು ನೋಡಲು. ಯಾವುದರಲ್ಲಿ ಕೂತರೆ ತಾನಾಗಿ ಏಳಬಹುದು, ಯಾವುದರಲ್ಲಿ ಕೂತರೆ ಇನ್ನೊಬ್ಬರು ಕೈ ಕೊಡಬೇಕಾದೀತು ಎಂಬುದು ಬಾಗಿಲಲ್ಲೇ ತಿಳಿದುಬಿಡುತ್ತದೆ. ಇದನ್ನು ಬರೆಯುತ್ತಿರುವುದು ಊಟದ ಮೇಜಿನ ಗಟ್ಟಿ ಕುರ್ಚಿಯ ಮೇಲೆ, ಬೆನ್ನಿನ ಹಿಂದೆ ಟವೆಲ್ಲಿನ ಸುರುಳಿ ಇಟ್ಟುಕೊಂಡು. ಸ್ವಲ್ಪ ಬರೆದು, ಎದ್ದು ಅಡುಗೆಮನೆಯವರೆಗೆ ನಡೆದು, ಮತ್ತೆ ಬಂದು ಕೂರುತ್ತೇನೆ. ಬರಹ ಅಲ್ಲಲ್ಲಿ ತುಂಡಾಗಿ ಕಂಡರೆ ಅದು ಸೊಂಟದ ಕೆಲಸ.

ನಾವು ರಾಯಚೂರು ಕಡೆಯವರು. ಮದುವೆಯಾದಾಗಿನಿಂದ ಹೈದರಾಬಾದಿನ ಮಲಕ್‌ಪೇಟೆಯಲ್ಲಿದ್ದೇವೆ. ನಮ್ಮ ಮನೆಯವರು ಕೋಠಿಯ ಔಷಧಿ ಸಗಟು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಮಗ ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಓದುತ್ತಾನೆ, ಅತ್ತೆ ನಮ್ಮ ಜೊತೆ. ಎರಡು ವರ್ಷದ ಕೆಳಗೆ ಅವರಿಗೆ ಎಡಭಾಗಕ್ಕೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ನಾಲಿಗೆ ಮಾತ್ರ ಮೊದಲಿನ ಹಾಗೇ ಉಳಿದವು. ಮಂಚದಿಂದ ಕಮೋಡ್ ಕುರ್ಚಿಗೆ, ಅಲ್ಲಿಂದ ಮತ್ತೆ ಮಂಚಕ್ಕೆ ಅವರನ್ನು ಎತ್ತಿ ಕೂರಿಸುವುದು ನನ್ನ ಕೆಲಸ. ಯಾರೂ ಹೇಳಿಕೊಟ್ಟಿರಲಿಲ್ಲ. ಕಂಕುಳಲ್ಲಿ ಕೈ ಹಾಕುವುದು, ಉಸಿರು ಕಟ್ಟುವುದು, ಹೂಂ ಎಂದು ಎತ್ತುವುದು. ಅಕ್ಕಿ ಚೀಲ ಸರಿಸುವ ಹಾಗೆ.

ಮೇ ತಿಂಗಳ ಒಂದು ಬೆಳಿಗ್ಗೆ, ನಳದಲ್ಲಿ ನೀರು ಬಂದ ಹೊತ್ತಿಗೆ, ಅವಸರದಲ್ಲಿ ಹಾಗೆ ಎತ್ತುವಾಗ ಸೊಂಟದೊಳಗೆ ಏನೋ ಸರಿದಂತಾಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಬಲಗಾಲಿನ ಗುಂಟ ಇಳಿದ ಉರಿ. ನಾನು ಅತ್ತೆಯನ್ನು ಹೇಗೋ ಮಂಚದ ಅಂಚಿಗೆ ಬಿಟ್ಟು ಮೊಣಕಾಲೂರಿ ಕುಸಿದೆ. ಇಬ್ಬರ ಮುಖವೂ ಒಂದೇ ಎತ್ತರದಲ್ಲಿ, ಎದುರು ಬದುರು.

"ಸರೂ, ಏನಾತು?"

"ಏನಿಲ್ರಿ ಅತ್ತಿ."

"ಏನಿಲ್ಲಂದ್ರ ಏಳು ಮತ್ತ."

"ಏಳಾಕ ಬರವಲ್ದು."

"ಹಂಗಾರ ಇಬ್ಬರದೂ ಒಂದ ಹಣೇಬಾರ ಆತು," ಎಂದರು ಅತ್ತೆ. ನಮ್ಮ ಮನೆಯವರು ಸ್ನಾನ ಮುಗಿಸಿ ಬರುವವರೆಗೆ ಹಾಗೇ ಇದ್ದೆವು. ಹಿತ್ತಲಲ್ಲಿ ಬಕೆಟ್ಟು ತುಂಬಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಆ ನೀರನ್ನು ನಿಲ್ಲಿಸಲು ಆಗದ್ದೇ ಆ ಹೊತ್ತಿನಲ್ಲಿ ನನಗೆ ದೊಡ್ಡ ಸಂಕಟವಾಗಿತ್ತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಉಕ್ಕಿನ ಕುರ್ಚಿಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿದ್ದರು. ಒಬ್ಬರು ಎದ್ದರೆ ಸಾಲೆಲ್ಲ ಅಲುಗುತ್ತದೆ, ಸೊಂಟದವರೆಲ್ಲ ಒಟ್ಟಿಗೆ ಮುಖ ಕಿವುಚುತ್ತಾರೆ. ನಾನು ಗೋಡೆಗೆ ಒರಗಿ ನಿಂತೆ. ನಲ್ಗೊಂಡದ ಕಡೆಯ ಹೆಂಗಸೊಬ್ಬಳು ತನ್ನ ಎಕ್ಸ್‌ರೇ ಕವರಿನಿಂದ ಮೊದಲು ತನಗೆ ಗಾಳಿ ಬೀಸಿಕೊಂಡು, ಆಮೇಲೆ ಕೇಳದೆಯೇ ನನಗೂ ಬೀಸಿದಳು. ತೆಲುಗಿನಲ್ಲಿ ಕೇಳಿದಳು, ಯಾರನ್ನು ಎತ್ತಿದೆ ಎಂದು. ಏನನ್ನು ಎತ್ತಿದೆ ಎಂದು ಕೇಳಲಿಲ್ಲ. ಅತ್ತೆಯನ್ನು ಎಂದೆ. ತಾನು ಗಂಡನನ್ನು ಎಂದಳು. ಒಳಗೆ ಕರೆಯುವವರೆಗೂ ಅವಳು ಬೀಸುತ್ತಲೇ ಇದ್ದಳು.

ಬೆನ್ನಿನ ಕೆಳಗಿನ ಡಿಸ್ಕ್ ಒಂದು ಉಬ್ಬಿ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. ಸದ್ಯಕ್ಕೆ ಆಪರೇಷನ್ ಬೇಡ. ಮಾತ್ರೆ, ವಿಶ್ರಾಂತಿ, ಓಡಾಡುವಾಗ ಕೆಲವು ದಿನ ಬೆಲ್ಟು, ನೋವು ಇಳಿದ ಮೇಲೆ ಹೊಟ್ಟೆಯ ಒಳಪದರದ ಸ್ನಾಯುಗಳಿಗೆ ವ್ಯಾಯಾಮ. ಅಮೀರ್‌ಪೇಟ್‌ನ ಫಿಸಿಯೊಥೆರಪಿ ಕೇಂದ್ರವೊಂದರಲ್ಲಿ ಪಿಲಾಟೀಸ್ ಎಂಬ ಅಂಥ ವ್ಯಾಯಾಮ ಕಲಿಸುತ್ತಾರೆ, ಅಲ್ಲಿಗೆ ಹೋಗಿ ಎಂದು ಚೀಟಿ ಬರೆದರು. ಏಳುವಾಗ ಇನ್ನೊಂದು ಮಾತು ಸೇರಿಸಿದರು: "ಸದ್ಯ ಯಾರನ್ನೂ ಎತ್ತಬೇಡಿ."

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಚೀಟಿಯನ್ನು ಬಹಳ ಹೊತ್ತು ಮಡಚುತ್ತಿದ್ದರು.

ಬೆಳಿಗ್ಗೆ ಸಂಜೆ ಅತ್ತೆಯನ್ನು ಎತ್ತಲು ಯಾದಮ್ಮ ಎಂಬ ಆಯಾ ಬರತೊಡಗಿದಳು. ಬಂದ ದಿನವೇ ಹೇಳಿದ್ದಳು, ದಸರೆಯ ಹೊತ್ತಿನ ಬತುಕಮ್ಮ ಹಬ್ಬಕ್ಕೆ ಊರಿಗೆ ಹೋದರೆ ಮಗಳ ಬಾಣಂತನ ಮುಗಿಸಿಯೇ ಬರುವುದು ಎಂದು. ಆಗ ಅವಳ ಬದಲಿಗೆ ಬರಲು ಯಾರೂ ಸಿಗಲಿಲ್ಲ. ನಡುವಿನ ಹೊತ್ತಿಗೆ ನಮ್ಮ ಮನೆಯವರು ಕೋಠಿಯಿಂದ ಊಟಕ್ಕೆ ಓಡಿ ಬಂದು ತಾಯಿಯನ್ನು ಎತ್ತಿ ಕೂರಿಸಿ ಮತ್ತೆ ಓಡುತ್ತಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಊಟ ಎಷ್ಟೋ ದಿನ ಡಬ್ಬಿಯಲ್ಲೇ ಉಳಿಯುತ್ತಿತ್ತು.

ರಾಯಚೂರಿನಿಂದ ಮೈದುನ ಗುರುನಾಥ ಫೋನ್ ಮಾಡಿದ. ಅವನೂ ಅವನ ಹೆಂಡತಿಯೂ ಶಾಲೆಯಲ್ಲಿ ಕೆಲಸ ಮಾಡುತ್ತಾರೆ, ಹಗಲಲ್ಲಿ ಮನೆ ಖಾಲಿ.

"ವೈನಿ, ನೀವು ಭಾಳ ಮಾಡೀರಿ. ಇಲ್ಲಿ ಒಂದು ಆಶ್ರಮ ಐತ್ರಿ, ಹಾಸಿಗಿ ಹಿಡಿದವರನ್ನ ನೋಡ್ಕೋತಾರ. ಎಲ್ಲಾ ವ್ಯವಸ್ಥಾ ಐತಿ. ನಾನೂ ದಿನಾ ಹೋಗಿ ಬರ್ತೀನಿ. ದಸರಾಕ್ಕ ಆಯಾನೂ ಹೋಗ್ತಾಳಂತ, ಅದು ಮುಗಿದ ಮ್ಯಾಲ ಕಾರ್ ತಗೊಂಡು ಬರ್ತೀನ್ರಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಫೋನು ಸ್ಪೀಕರಿನಲ್ಲಿತ್ತು, ನಮ್ಮ ಮನೆ ಎರಡೇ ಕೋಣೆಯದು. ಅತ್ತೆಗೆ ಎಲ್ಲ ಕೇಳಿಸಿತ್ತು. ಆ ಸಂಜೆಯಿಂದ ಚಹಾ ಬೇಡ ಎಂದರು. ಆಮೇಲೆ ಊಟದ ಜೊತೆ ಇಟ್ಟ ನೀರಿನ ಲೋಟ ಅರ್ಧಕ್ಕೇ ಉಳಿಯತೊಡಗಿತು. ತುಟಿ ಒಡೆದಿವೆ, ಕುಡೀರಿ ಎಂದರೆ, "ನೀರಡಿಕಿ ಇಲ್ಲ" ಎನ್ನುತ್ತಿದ್ದರು. ಅದು ಹೈದರಾಬಾದಿನ ಬೇಸಿಗೆ, ಫ್ಯಾನಿನ ಗಾಳಿಯೂ ಬಿಸಿ. ನೀರು ಕುಡಿದರೆ ಕಮೋಡಿಗೆ ಏಳಿಸಬೇಕು, ಏಳಿಸಲು ಜನ ಬೇಕು. ಅವರು ಲೆಕ್ಕ ಹಾಕಿದ್ದರು. ನನಗೆ ತಿಳಿಯಿತು ಎಂಬುದು ಅವರಿಗೂ ತಿಳಿದಿತ್ತು.

ಬೆಲ್ಟಿನ ಕತೆ ಇನ್ನೊಂದು. ನಮ್ಮ ಮನೆಯವರು ಅಂಗಡಿಯಿಂದ ಬೇರೆ ಬೇರೆ ಅಳತೆಯ ಬೆಲ್ಟು ತಂದು ತಂದು ಬದಲಿಸಿದರು. ಆ ಸೆಕೆಯಲ್ಲಿ ಅದರ ಕೆಳಗೆ ಬೆವರುಸಾಲೆ ಎದ್ದಿತು. ನಾನು ಕೆರೆದುಕೊಳ್ಳುವುದನ್ನು ನೋಡಿ ಅತ್ತೆ ಬಾಯಿ ಬಿಟ್ಟರು.

"ಅದನ್ನ ತಗದು ಒಗಿ. ಎಮ್ಮಿಗೆ ಕಟ್ಟಿದಂಗ ಕಾಣ್ತೈತಿ. ನೀ ಹಡದಾಗ ನಾ ಏನು ಕಟ್ಟಿದ್ದೆ?"

"ಹೊಟ್ಟಿಪಟ್ಟಿ."

"ಹೂಂ. ಆಗ ಸೊಂಟ ನೋಯ್ತೇನು?"

ನಮ್ಮ ಕಡೆ ಬಾಣಂತಿಗೆ ಹಳೆಯ ನೂಲಿನ ಸೀರೆ ಹರಿದು ಹೊಟ್ಟೆಗೆ ಬಿಗಿಯಾಗಿ ಸುತ್ತುತ್ತಾರೆ. ಹೊಟ್ಟೆ ಒಳಗೆ ಹೋಗಬೇಕು, ಸೊಂಟ ಗಟ್ಟಿಯಾಗಬೇಕು ಎಂದು. ಅತ್ತೆ ತಮ್ಮ ಇಳಕಲ್ ಸೀರೆಯೊಂದನ್ನು ತೆಗೆಸಿದರು. ಒಗೆದು ಒಗೆದು ಮಲ್ಲು ಬಟ್ಟೆಯಷ್ಟು ಮೆತ್ತಗಾಗಿತ್ತು. ನಾನು ಒಂದು ತುದಿ ಹಿಡಿದು ಮಂಚದ ಪಕ್ಕ ತಿರುಗುತ್ತಿದ್ದೆ, ಅವರು ಬಲಗೈಯಲ್ಲಿ ಇನ್ನೊಂದು ತುದಿ ಎಳೆದು ಎಳೆದು ಬಿಗಿಸುತ್ತಿದ್ದರು. ಕೊನೆಯ ಗಂಟಿಗೆ ಹಲ್ಲಿನ ಸಹಾಯ. ಕಟ್ಟಿ ಮುಗಿದ ಮೇಲೆ ನನ್ನ ಬೆನ್ನಿಗೊಂದು ಸಣ್ಣ ಪೆಟ್ಟು. ಲಕ್ವ ಹೊಡೆದ ಮೇಲೆ ಅವರು ಇನ್ನೊಬ್ಬರಿಗೆಂದು ಮಾಡಿದ ಮೊದಲ ಕೆಲಸ ಅದು. ದಿನವೂ ಸ್ನಾನವಾದ ಕೂಡಲೇ, "ಬಾ, ಕಟ್ಟತೀನಿ" ಎಂದು ಕರೆಯುತ್ತಿದ್ದರು.

ಆ ಪಟ್ಟಿ ಕಟ್ಟಿಕೊಂಡೇ ನಾನು ಪಿಲಾಟೀಸಿಗೆ ಹೋದೆ.

ಅಮೀರ್‌ಪೇಟ್‌ನಲ್ಲಿ ಮೆಟ್ರೊ ಇಳಿದು ಕೋಚಿಂಗ್ ಸೆಂಟರುಗಳ ಬೋರ್ಡುಗಳ ಕೆಳಗೆ ನಡೆದರೆ ಒಂದು ಹಳೆಯ ಕಟ್ಟಡ. ಕೆಳಗಿನ ಮಹಡಿಯಲ್ಲಿ ಕಂಪ್ಯೂಟರ್ ಪಾಠ, ಮೇಲೆ ನಮ್ಮದು. ನಾವು ಚಾಪೆಯ ಮೇಲೆ ಮಲಗಿದರೆ ಮೇಷ್ಟರ ಮೈಕಿನ ದನಿ ನೆಲದ ಮೂಲಕ ಬೆನ್ನಿಗೆ ತಾಗುತ್ತಿತ್ತು. ಕಲಿಸುವವಳು ಸ್ವಪ್ನಾ ಎಂಬ ತೆಲುಗು ಹುಡುಗಿ, ಫಿಸಿಯೊಥೆರಪಿ ಓದಿದವಳು. ನನ್ನ ಜೊತೆ ಅರ್ಧ ತೆಲುಗು ಅರ್ಧ ಹಿಂದಿ ಮಾತಾಡುತ್ತಿದ್ದಳು.

ವ್ಯಾಯಾಮ ಎಂದರೆ ಕುಣಿತ, ಎಗರಾಟ ಎಂದುಕೊಂಡಿದ್ದೆ. ಇಲ್ಲಿ ನೋಡಿದವರಿಗೆ ಏನೂ ಕಾಣುವುದಿಲ್ಲ. ಅಂಗಾತ ಮಲಗಿ ಮೊಣಕಾಲು ಮಡಚಬೇಕು. ಮೂಗಿನಿಂದ ಎಳೆದ ಉಸಿರು ಪಕ್ಕೆಲುಬುಗಳ ಅಕ್ಕಪಕ್ಕಕ್ಕೆ ತುಂಬಬೇಕು. ಬಿಸಿ ಹಾಲು ಆರಿಸುವ ಹಾಗೆ ಬಾಯಿಂದ ಉದ್ದಕ್ಕೆ ಬಿಡಬೇಕು. ಬಿಡುತ್ತಾ, ಮೂತ್ರ ತಡೆದುಕೊಂಡಂತೆ ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ಹಿಡಿದು, ಹೊಕ್ಕುಳಿನ ಕೆಳಗಿನ ಭಾಗ ಒಳಗೆ ಇಳಿಯಲು ಬಿಡಬೇಕು. ಅದು ಹಾಗೇ ಇರುವಾಗ ಒಂದು ಪಾದವನ್ನು ನೆಲದಿಂದ ಎತ್ತಬೇಕು, ಸೊಂಟ ಅಲುಗಬಾರದು. ಇಷ್ಟೇ. ಈ ಇಷ್ಟು ನನಗೆ ಬರಲಿಲ್ಲ. ಪಾದ ಎತ್ತಿದರೆ ಸೊಂಟ ಜೋಲಿ ಹೊಡೆಯುತ್ತಿತ್ತು, ಉಸಿರು ಗಂಟಲಲ್ಲಿ ನಿಲ್ಲುತ್ತಿತ್ತು.

"ಊಪಿರಿ ಆಪಕಂಡಿ ಆಂಟೀ," ಎನ್ನುತ್ತಿದ್ದಳು ಸ್ವಪ್ನಾ. ಉಸಿರು ನಿಲ್ಲಿಸಬೇಡಿ ಎಂದು. ನಾನು ಎಲ್ಲಿ ನಿಲ್ಲಿಸಿದೆ, ಅದೇ ನಿಂತಿತ್ತು.

ಮನೆಗೆ ಬಂದರೆ ಅತ್ತೆಯ ವಿಚಾರಣೆ. "ಏನು ಮಾಡಿಸಿದ್ಳು ಇವತ್ತು?"

"ಮಲಗಿ ಉಸಿರು ಬಿಡೂದು."

"ಮಲಗಿ ಉಸಿರು ಬಿಡಾಕ ಅಮೀರಪೇಟಿ ತನಕ ಹೋಗಬೇಕಾ? ನಾ ಇಲ್ಲೇ ಎರಡು ವರ್ಷದಿಂದ ಮಾಡಾಕತ್ತೀನಿ."

ಮಳೆಗಾಲ ಬಂತು. ನೋವು ಇಳಿದಿರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜಲು ಬಗ್ಗುವುದೇ ದಿನದ ಮೊದಲ ಪರೀಕ್ಷೆ. ಮೆಟ್ರೊದಲ್ಲಿ ಕಂಬಕ್ಕೆ ಒರಗಿ ನಿಂತು, ಇದೆಲ್ಲ ಯಾಕೆ, ಗುರುನಾಥ ಬಂದು ಕರೆದುಕೊಂಡು ಹೋದರೆ ನನಗೂ ಬಿಡುಗಡೆಯಲ್ಲವೆ ಎಂದು ಯೋಚಿಸಿದ ದಿನಗಳಿವೆ. ದಣಿದವರಿಗೆ ಇಂಥ ಯೋಚನೆ ಬರುತ್ತದೆ. ಮನೆಗೆ ಬಂದು ಅರ್ಧ ಉಳಿದ ಲೋಟ ನೋಡಿದ ಕೂಡಲೇ ಅದು ಹೋಗುತ್ತಿತ್ತು. ಮರುದಿನ ಮೆಟ್ರೊದಲ್ಲಿ ಮತ್ತೆ ಬರುತ್ತಿತ್ತು.

ಒಂದು ದಿನ ಸ್ವಪ್ನಾ ನನ್ನ ಸೊಂಟದ ಎಲುಬಿನ ಒಳಬದಿಗೆ ಬೆರಳಿಟ್ಟು, ಉಸಿರು ಬಿಡಿ ಎಂದಳು. ಬೆರಳಿಗೆ ಸಿಕ್ಕಿದ್ದು ಹೊಟ್ಟೆಯಲ್ಲ, ಗಂಟು.

"ಆಂಟೀ, ಇದೇನು?"

"ಪಟ್ಟಿ."

"ಯಾವಾಗಿನಿಂದ ಇದೆ?"

"ಮೊದಲಿನಿಂದಲೂ. ಹೊಟ್ಟೆ ಬಿಗಿ ಇರಬೇಕು ಅಂತ ನೀವೇ ಅಲ್ಲವೇ ಹೇಳಿದ್ದು?"

ಅವಳು ಚಾಪೆಯ ಮೇಲೇ ಕೂತುಬಿಟ್ಟಳು. ನಗು ತಡೆಯಲು ನೋಡಿದಳು, ಆಗಲಿಲ್ಲ. ನನಗೂ ನಗು ಬಂತು, ನಕ್ಕರೆ ಸೊಂಟ ನೋಯುತ್ತಿತ್ತು. ಲಂಗದ ಲಾಡಿಯ ಹಾಗೆ ಅದೂ ಮೈಮೇಲಿರುವ ಬಟ್ಟೆ. ಅದನ್ನು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಅವಳು ನಿಧಾನವಾಗಿ ಹೇಳಿದಳು. ಹೊಟ್ಟೆಯ ತೀರಾ ಒಳಪದರದಲ್ಲಿ ಇಂಥದೇ ಒಂದು ಸ್ನಾಯು ಸೊಂಟವನ್ನು ಸುತ್ತುವರಿದಿದೆ, ಬೆನ್ನಿನವರೆಗೂ. ಉಸಿರು ಬಿಟ್ಟಾಗ ಅದು ತಾನಾಗಿ ಕೂಡಿಕೊಂಡು ಬೆನ್ನೆಲುಬಿಗೆ ಒತ್ತಾಸೆಯಾಗಬೇಕು. ಹೊರಗಿನಿಂದ ಬಿಗಿದು ಕಟ್ಟಿದರೆ ಪಕ್ಕೆಗಳಿಗೆ ಉಸಿರು ಹೋಗಲು ಜಾಗವಿಲ್ಲ, ಒಳಗಿನದಕ್ಕೆ ಮಾಡಲು ಕೆಲಸವಿಲ್ಲ. ಬಾಣಂತಿಗೆ ಕೆಲವು ದಿನ ಸರಿ, ಈಗ ಬೇಡ ಎಂದಳು. ಗಂಟು ಬಹಳ ಬಿಗಿಯಾಗಿತ್ತು. ಬಿಚ್ಚಲು ಅವಳಿಗೂ ಹಲ್ಲು ಬೇಕಾಯಿತು.

ಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಆ ದಾರಿ ಉದ್ದವಾಗಿತ್ತು. ಮರುದಿನ ಸ್ನಾನವಾದ ಮೇಲೆ ಅತ್ತೆ ಎಂದಿನಂತೆ ಕರೆದರು, ನಾನು ಹೇಳಿದೆ. ಕೇಳಿಸಿಕೊಂಡರು.

"ಹಂಗಾರ ನಾ ಕಟ್ಟಿದ್ದರಿಂದನ ನಿನಗ ಆರಾಮ ಆಗಲಿಲ್ಲ."

"ಹಂಗಲ್ರಿ ಅತ್ತಿ."

"ಮತ್ತ ಹೆಂಗ?"

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಆ ದಿನ ನೀರು ಮೊದಲಿಗಿಂತ ಕಡಿಮೆ.

ಮುಂದಿನ ಸಲ ಸ್ವಪ್ನಾ ಕೇಳಿದಳು, ಮನೆಯಲ್ಲಿ ಅಭ್ಯಾಸ ಮಾಡುವಾಗ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವವರು ಯಾರಾದರೂ ಇದ್ದಾರಾ ಎಂದು. ನಮ್ಮದೇ ಕೈಯಾದರೆ ಮೋಸ ಮಾಡುತ್ತದಂತೆ. ನಾನು ಮನೆಗೆ ಬಂದು ಅತ್ತೆಯ ಮಂಚಕ್ಕೆ ತಾಗಿಸಿ ಇನ್ನೊಂದು ಮಂಚ ಎಳೆಸಿದೆ, ಅವರ ಬಲಗಡೆ ಮಲಗಿದೆ. ಅವರ ಕೈ ತೆಗೆದು ಹೊಕ್ಕುಳಿನ ಕೆಳಗೆ ಇಟ್ಟುಕೊಂಡೆ.

"ಏನಿದು?"

"ಉಸಿರು ಬಿಟ್ಟಾಗ ಕೈ ಕೆಳಗ ಮೆಲ್ಲಗ ಬಿಗಿ ಆಗಬೇಕಂತ್ರಿ. ಆತೋ ಇಲ್ಲೋ ನೀವು ಹೇಳ್ರಿ. ನನಗ ತಿಳಿಯವಲ್ದು."

ಅವರು ಕೈ ತೆಗೆಯಲಿಲ್ಲ. ನಾನು ಉಸಿರು ಬಿಟ್ಟೆ.

"ಏನೂ ಇಲ್ಲ. ನಾದಿದ ಹಿಟ್ಟಿನಂಗ ಬಿದ್ದೈತಿ."

ಮತ್ತೆ ಬಿಟ್ಟೆ.

"ಈಗ ಹೊಟ್ಟಿ ಉಬ್ಬಿಸಿದಿ. ನಾಟಕ ಮಾಡಬ್ಯಾಡ."

ದಿನಾ ಮಧ್ಯಾಹ್ನ ಹೀಗೆ. ಪಕ್ಕದ ಮನೆಯವರು ಒಮ್ಮೆ ಬಾಗಿಲಲ್ಲಿ ಇಣುಕಿ, ಅತ್ತೆ ಸೊಸೆ ಇಬ್ಬರೂ ಹಾಸಿಗೆ ಹಿಡಿದರೆಂದು ತಿಳಿದು ಸಾರು ಮಾಡಿ ಕಳಿಸಿದರು. ಮಳೆಯ ಒಂದು ಮಧ್ಯಾಹ್ನ, ನಾನು ಯಾವ ಪ್ರಯತ್ನವೂ ಇಲ್ಲದೆ, ಸುಸ್ತಿನಲ್ಲಿ ಉದ್ದಕ್ಕೆ ಉಸಿರು ಬಿಟ್ಟಾಗ ಅತ್ತೆಯ ಬೆರಳುಗಳು ಒಮ್ಮೆ ಒತ್ತಿ ನಿಂತವು.

"ಹಾಂ. ಈಗ ಎದ್ದಿತು ನೋಡು. ಹಿಡಿ. ಬಿಡಬ್ಯಾಡ. ಉಸಿರು ಬಿಡು, ಅದನ್ನ ಬಿಡಬ್ಯಾಡ."

ನಾನು ಪಾದ ಎತ್ತಿದೆ. ಸೊಂಟ ಅಲುಗಲಿಲ್ಲ. ಅತ್ತೆ ತಾವೂ ಉಸಿರು ಬಿಟ್ಟರು, ನನಗಿಂತ ಜೋರಾಗಿ.

ಅಲ್ಲಿಂದ ಸ್ವಲ್ಪ ಸ್ವಲ್ಪ. ಹಲ್ಲುಜ್ಜಲು ಬಗ್ಗುವುದು ಮೊದಲು ಹಗುರಾಯಿತು. ಕಾಲಿನ ಉರಿ ಮೊಣಕಾಲಿನವರೆಗೆ ಹಿಂದೆ ಸರಿಯಿತು. ಹಬ್ಬ ಹತ್ತಿರ ಬಂದಾಗ ನಾನು ಸ್ವಪ್ನಾಳನ್ನು ಕೇಳಿದೆ, ಅತ್ತೆಯನ್ನು ಎತ್ತಬಹುದೇ ಎಂದು. ಎತ್ತುವುದು ಬೇಡ ಎಂದಳು. ಡಾಕ್ಟರಿಗೆ ಫೋನು ಮಾಡಿ ಮಾತಾಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು, ಎಡಗೈ ಜೋಲು ಬಿಟ್ಟು, "ನಾನೇ ನಿಮ್ಮ ಅತ್ತೆ, ಏಳಿಸಿ" ಎಂದಳು. ನಾನು ಅಭ್ಯಾಸಬಲದಿಂದ ಕಂಕುಳಿಗೆ ಕೈ ಹಾಕಿದೆ. ಕೈಮೇಲೆ ಹೊಡೆದಳು.

"ನಿಮ್ಮ ಅತ್ತೆ ಚೀಲ ಅಲ್ಲ ಆಂಟೀ. ಅವರಿಗೆ ಒಂದು ಕೈ ಇದೆ, ಒಂದು ಕಾಲಿದೆ. ಅವಕ್ಕೆ ಕೆಲಸ ಕೊಡಿ."

ಕಮೋಡ್ ಕುರ್ಚಿಯನ್ನು ಅತ್ತೆಯ ಬಲಗಡೆಗೆ ತರಬೇಕು. ಬಲಪಾದ ಹಿಂದಕ್ಕೆ, ಬಲಗೈ ಕುರ್ಚಿಯ ಕೈಗೆ. ಮೂಗು ಮುಂದಕ್ಕೆ ಬಗ್ಗಬೇಕು. ನಾನು ಮೊಣಕಾಲು ಮಡಚಿ ಹತ್ತಿರ ನಿಂತು ಅವರ ಸೊಂಟದ ಬಟ್ಟೆ ಹಿಡಿಯಬೇಕು. ಇಬ್ಬರೂ ಒಟ್ಟಿಗೆ ಉಸಿರು ಬಿಡಬೇಕು. ಬಿಡುವಾಗಲೇ ಏಳಬೇಕು, ತಿರುಗಬೇಕು, ಕೂರಬೇಕು. ಸೊಂಟಕ್ಕೆ ಹಿಡಿಯಲು ಬಟ್ಟೆ ಎಂದಾಗ ನನಗೆ ನೆನಪಾದದ್ದು ಚೀಲದಲ್ಲೇ ಉಳಿದಿದ್ದ ಪಟ್ಟಿ.

ಅದನ್ನು ಅತ್ತೆಯ ಸೊಂಟಕ್ಕೆ ಕಟ್ಟಿದೆ, ಬಿಗಿಯಾಗಿ ಅಲ್ಲ, ನನ್ನ ಕೈ ಹಿಡಿಯುವಷ್ಟು. "ಈಗ ನನ್ನ ಬಾಣಂತನ ಏನು?" ಎಂದರು. ಮೊದಲ ಸಲ ಯಾದಮ್ಮ ಹಿಂದೆ ನಿಂತಿದ್ದಳು, ಆದರೂ ಇಬ್ಬರೂ ಮಂಚಕ್ಕೆ ಬಿದ್ದೆವು. ಎರಡನೆಯ ಸಲ ಅತ್ತೆ ಉಸಿರು ಕಟ್ಟಿಬಿಟ್ಟರು. "ಬಿಡ್ರಿ ಅತ್ತಿ, ಹಾಲು ಆರಿಸಿದಂಗ." ಬೈದುಕೊಂಡೇ ಬಿಟ್ಟರು. ಯಾದಮ್ಮ ಊರಿಗೆ ಹೋಗುವ ದಿನ ಬಾಗಿಲಲ್ಲಿ ನಿಂತು ಬತುಕಮ್ಮನಿಗೆಂದು ಕಿತ್ತ ತಂಗೇಡು ಹೂವಿನ ಚೀಲ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡಿ ಹೋದಳು. ನಮ್ಮ ಮನೆಯವರು ರಜೆ ಹಾಕಿದರು. ಗುರುನಾಥನಿಗೆ ಬರಬೇಡ ಎನ್ನಲು ನನಗೆ ಧೈರ್ಯವಿರಲಿಲ್ಲ. ಸೊಂಟ ಯಾವಾಗ ಕೈ ಕೊಟ್ಟೀತೋ ಯಾರಿಗೆ ಗೊತ್ತು.

ದಸರಾ ಮುಗಿಯಿತು, ಗುರುನಾಥ ಕಾರು ತಂದ. ಅತ್ತೆಯ ಬಟ್ಟೆಗಳ ಚೀಲ ಬಾಗಿಲ ಬಳಿ ಇತ್ತು. ನಾನೇ ತುಂಬಿದ್ದು. ಅವನು ಚಹಾ ಕುಡಿದು, ತಾಯಿಯ ಕಾಲು ಒತ್ತಿ, "ಅವ್ವಾ, ದಾರಿ ದೂರ ಐತಿ. ಒಮ್ಮೆ ಕಮೋಡಿಗೆ ಹೋಗಿ ಬಂದುಬಿಡು" ಎಂದ. ನಮ್ಮ ಮನೆಯವರು ಅಂಗಿಯ ತೋಳು ಮಡಚುತ್ತಾ ಮಂಚದ ಕಡೆ ಬಂದರು.

"ನೀ ಆ ಕಡೆ ಸರಿ," ಎಂದರು ಅತ್ತೆ. "ನಿನಗ ಉಸಿರು ಬಿಡಾಕ ಬರಂಗಿಲ್ಲ. ಸರೂ, ಬಾ."

ನಾನು ಕುರ್ಚಿಯನ್ನು ಅವರ ಬಲಗಡೆಗೆ ಎಳೆದೆ. ಮೊಣಕಾಲು ಮಡಚಿದೆ. ಪಟ್ಟಿ ಹಿಡಿದೆ. ಅವರ ಮೂಗು ನನ್ನ ಭುಜದ ಹತ್ತಿರ ಬಂತು. ಹೊಟ್ಟೆಯ ಒಳಗೆ ಅದು ಎದ್ದಿತೋ ಇಲ್ಲವೋ ಎಂದು ಒಂದು ಗಳಿಗೆ ಕಾದೆ. ಎದ್ದಿತು. ಇಬ್ಬರೂ ಊಫ್ ಎಂದು ಉದ್ದಕ್ಕೆ ಬಿಟ್ಟೆವು. ಅತ್ತೆ ನಿಂತರು, ತಿರುಗಿದರು, ಕೂತರು. ಮಂಚಕ್ಕೆ ಹಿಂದಿರುಗುವಾಗಲೂ ಹಾಗೆಯೇ. ನಮಗೆ ಬೆನ್ನು ಕೊಟ್ಟು ಬಾಗಿಲಲ್ಲಿ ನಿಂತಿದ್ದ ಗುರುನಾಥ ತಿರುಗಿ ನೋಡಿದ್ದ.

"ವೈನಿ, ಇದು ದಿನಾ ಆಗತೈತ್ರಿ?"

"ಇವತ್ತು ಆತು," ಎಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತಿತ್ತು. ಕೂರಬೇಕು ಅನ್ನಿಸುತ್ತಿತ್ತು, ಯಾವ ಕುರ್ಚಿಯಾದರೂ ಆಗಲಿ.

ಅತ್ತೆ ಮಂಚದ ಮೇಲೆ ಒರಗಿ, ಬಾಗಿಲ ಬಳಿಯ ಚೀಲ ನೋಡಿದರು, ಮಗನನ್ನು ನೋಡಿದರು, ಆಮೇಲೆ ನನ್ನನ್ನು.

"ಸರೂ, ನೀರು ಕೊಡು."

ಕೊಟ್ಟೆ. ಬಲಗೈಯಲ್ಲಿ ಲೋಟ ಹಿಡಿದು ತಲೆ ಎತ್ತಿ ಅಷ್ಟನ್ನೂ ಕುಡಿದರು. ಗಂಟಲು ಏರಿಳಿಯುವುದನ್ನು ನಾವು ಮೂವರೂ ನಿಂತು ನೋಡಿದೆವು. ಖಾಲಿ ಲೋಟವನ್ನು ನನ್ನ ಕಡೆ ಚಾಚಿದರು.

"ಇನ್ನೊಂದು ಲೋಟ."

ಇನ್ನೊಂದು ಲೋಟ ಎಂದರೆ ಇನ್ನು ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಏಳಿಸಬೇಕು. ನಾಳೆಯೂ, ನಾಡಿದ್ದೂ. ನಾನು ಸೊಂಟ ನೋಡಿಕೊಂಡು, ನಿಧಾನವಾಗಿ ಮಡಕೆಯ ಕಡೆ ನಡೆದೆ.